ಭಂಗಾರೋ, ಬಂಗಾರವೋ? ಹಳೇ ಸ್ಪೋರ್ಟ್ಸ್ ಕಾರುಗಳ ಅಸಲಿತನ ಮತ್ತು ಬೆಲೆ

(ವಿಡಿಯೋದಲ್ಲಿ ಆಡಿದ ಮಾತಿನ ಬರಹರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ವಾಕ್ಯಗಳನ್ನು ಸರಿಮಾಡಿದ್ದೇನೆ. ಉಳಿದಂತೆ ಮಾತಿನ ಧಾಟಿ ಹಾಗೇ ಇದೆ.)

ನಾನು ಹಾಸನದವನು. ಎಂಟೆಕ್ ಮುಗಿಸಿ ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಹಗಲು ಸಾಫ್ಟ್‌ವೇರ್ ಕೆಲಸ, ರಾತ್ರಿ ಹಳೇ ಕಾರುಗಳ ಹರಾಜಿನ ವಿಡಿಯೋ ನೋಡೋ ಚಟ. ಕೊಳ್ಳೋ ತಾಕತ್ತಿಲ್ಲ ಬಿಡಿ. ಆದ್ರೆ ನೋಡೋದಕ್ಕೇನು ಇಎಂಐ ಇಲ್ವಲ್ಲ.

ಪುಣೆಗೆ ಬಂದ ಹೊಸದರಲ್ಲಿ ಒಂದು ಭಾನುವಾರ ಬೆಳಿಗ್ಗೆ ಕೆಳಗಡೆ ರಸ್ತೆಯಲ್ಲಿ ಒಬ್ಬ ಕೂಗ್ತಾ ಹೋಗ್ತಿದ್ದ, "ಭಂಗಾರ್‌ವಾಲಾ, ಭಂಗಾರ್!" ಅಂತ. ನಾನು ರೂಮ್‌ಮೇಟ್‌ನ ಎಬ್ಬಿಸಿ ಕೇಳಿದೆ, "ಏನೋ ಇದು, ಈ ಊರಲ್ಲಿ ಬಂಗಾರಾನ ತಳ್ಳುಗಾಡೀಲಿ ಮಾರ್ತಾರಾ?" ಅವನು ನಕ್ಕು ನಕ್ಕು ಸುಸ್ತಾದ. ಮರಾಠಿಯಲ್ಲಿ ಭಂಗಾರ್ ಅಂದ್ರೆ ಗುಜರಿ. ಮಹಾರಾಷ್ಟ್ರದಲ್ಲಿರೋ ಕನ್ನಡದವರೆಲ್ಲ ಒಂದಲ್ಲ ಒಂದು ಸಲ ಈ ಹಳ್ಳಕ್ಕೆ ಬಿದ್ದಿರ್ತಾರೆ ಅನ್ಕೊಂಡಿದೀನಿ.

ಆವತ್ತು ಅದು ಬರೀ ತಮಾಷೆ. ಹತ್ತು ವರ್ಷ ಆದ್ಮೇಲೆ ಅದೇ ಮಾತು ನನ್ನ ಹೊಟ್ಟೆಗೆ ಚುಚ್ತು. ಅದನ್ನ ಹೇಳಿಯೇ ವಿಷಯಕ್ಕೆ ಬರ್ತೀನಿ.

ಅಪ್ಪನ ಯೆಜ್ಡಿ

ನಮ್ಮಪ್ಪನ ಹತ್ರ ಒಂದು ಯೆಜ್ಡಿ ರೋಡ್‌ಕಿಂಗ್ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. 1984ರಲ್ಲಿ ತಗೊಂಡಿದ್ದು. ನಾನು, ಅಕ್ಕ ಇಬ್ರೂ ಅದರ ಟ್ಯಾಂಕ್ ಮೇಲೆ ಕೂತೇ ಸ್ಕೂಲಿಗೆ ಹೋಗಿದ್ದು. ಕೊನೆಯ ಹದಿನೈದು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಅಪ್ಪನಿಗೆ ಎಪ್ಪತ್ತು ತುಂಬೋವಾಗ ಅದನ್ನ ಹೊಸದು ಮಾಡಿಸಿ ಕೊಡೋಣ ಅಂತ, ಅವರಿಗೆ ಗೊತ್ತಿಲ್ಲದ ಹಾಗೆ ಲಾರಿಗೆ ಹಾಕ್ಸಿ ಪುಣೆಗೆ ತರಿಸ್ದೆ. ಒಂದು ಗ್ಯಾರೇಜಿಗೆ ಕೊಟ್ಟೆ. ಐದು ತಿಂಗಳು, ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ ಖರ್ಚು. ಗಾಡಿ ಬಂದಾಗ ಕನ್ನಡಿ ಥರ ಹೊಳೀತಿತ್ತು.

ದೀಪಾವಳಿಗೆ ಅಪ್ಪ ಬಂದ್ರು. ಗಾಡಿ ಸುತ್ತ ಒಂದು ಸುತ್ತು ಹಾಕಿದ್ರು. ಟ್ಯಾಂಕ್ ಮೇಲೆ ಕೈಯಾಡಿಸಿ, "ಚೆನ್ನಾಗಿದೆ ಕಣೋ, ಯಾರದ್ದು?" ಅಂದ್ರು. ತಮಾಷೆಗೆ ಕೇಳಿದ್ದಲ್ಲ. ನಿಜವಾಗಿ ಗುರುತು ಸಿಕ್ಕಿರಲಿಲ್ಲ. ಅವರ ಮಂಡಿ ಉಜ್ಜಿ ಬಣ್ಣ ಹೋಗಿದ್ದ ಜಾಗ, ಕಡೂರು ರಸ್ತೆಯಲ್ಲಿ ಬಿದ್ದಾಗ ಆದ ತಗ್ಗು, ಯಾವುದೂ ಇರಲಿಲ್ಲ. ಟ್ಯಾಂಕೇ ಬೇರೆ. ಆಮೇಲೆ ನೋಡಿದ್ರೆ ಎಂಜಿನ್ ಕೇಸೂ ಬೇರೆ, ಆರ್‌ಸಿಯಲ್ಲಿರೋ ನಂಬರಿಗೂ ಎಂಜಿನ್ ಮೇಲಿನ ನಂಬರಿಗೂ ತಾಳೆ ಇಲ್ಲ. ಗ್ಯಾರೇಜಿಗೆ ಓಡಿದೆ. "ಹಳೇ ಸಾಮಾನು ಎಲ್ಲಿ?" "ಭಂಗಾರ್ ಮೇ ಗಯಾ ಸಾಬ್."

ನನ್ನ ಬಂಗಾರ ಭಂಗಾರಕ್ಕೆ ಹೋಗಿತ್ತು.

ಆ ಗ್ಯಾರೇಜಿನವನನ್ನ ನಾನು ಬೈಯಲ್ಲ. ನಾನು ಏನು ಕೇಳಿದ್ನೋ ಅದನ್ನೇ ಮಾಡಿಕೊಟ್ಟ. "ಹೊಸದು ಮಾಡಿಕೊಡು" ಅಂದಿದ್ದೆ, ಹೊಸದು ಮಾಡಿಕೊಟ್ಟ. ತಪ್ಪು ನನ್ನ ಪ್ರಶ್ನೆಯಲ್ಲಿತ್ತು. ಇಷ್ಟು ವರ್ಷ ಕೋಟಿಗಟ್ಟಲೆ ಬೆಲೆಯ ಕಾರುಗಳ ಹರಾಜು ನೋಡಿದ್ರೂ, ಆ ಹರಾಜುಗಳು ಹೇಳ್ತಿದ್ದ ಒಂದೇ ಒಂದು ಪಾಠ ನನ್ನ ತಲೆಗೆ ಹೋಗಿರಲಿಲ್ಲ. ಇವತ್ತು ಆ ಪಾಠದ ಬಗ್ಗೆ ಮಾತಾಡೋಣ.

ಧೂಳಿನ ಬೆಲೆ

ಮೊದಲು ಒಂದು ಕಥೆ. ಪಶ್ಚಿಮ ಫ್ರಾನ್ಸ್‌ನಲ್ಲಿ ರೋಜರ್ ಬಯ್ಯೋ ಅಂತ ಒಬ್ಬ ಸಾರಿಗೆ ಉದ್ಯಮಿ ಇದ್ದ. ಹಳೇ ಕಾರುಗಳನ್ನ ಸೇರಿಸಿ ಮ್ಯೂಸಿಯಂ ಮಾಡೋ ಕನಸು. ವ್ಯಾಪಾರ ಕುಸಿದು ಕನಸು ನಿಂತುಹೋಯ್ತು. ಕಾರುಗಳು ಮಾತ್ರ ಶೆಡ್ಡುಗಳಲ್ಲಿ ದಶಕಗಳ ಕಾಲ ಹಾಗೇ ಉಳಿದ್ವು. ಅವುಗಳಲ್ಲಿ 59 ಕಾರು 2015ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಹರಾಜಿಗೆ ಬಂದ್ವು. ಅದರಲ್ಲಿ ಒಂದು 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್. ಒಂದು ಕಾಲಕ್ಕೆ ಫ್ರೆಂಚ್ ನಟ ಅಲೈನ್ ಡೆಲಾನ್ ಓಡಿಸ್ತಿದ್ದದ್ದು. ಸಿಕ್ಕಾಗ ಅದರ ಮೇಲೆ ಹಳೇ ಮ್ಯಾಗಜಿನ್‌ಗಳ ರಾಶಿ ಬಿದ್ದಿತ್ತು, ಮೈತುಂಬ ಧೂಳು.

ಹರಾಜು ಹಾಕಿದವರು ಧೂಳು ಕೂಡ ಒರೆಸಲಿಲ್ಲ. ಆ ಕಾರು 1.63 ಕೋಟಿ ಯೂರೋಗೆ ಹೋಯ್ತು. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ.

ನಮ್ಮೂರಲ್ಲಾದ್ರೆ ಮಾರೋಕೆ ಮುಂಚೆ ನಾವು ಏನ್ ಮಾಡ್ತೀವಿ? ಪಾಲಿಶ್, ಹೊಸ ಸೀಟ್ ಕವರ್, ಮುಂದೆ ಒಂದು ನಿಂಬೆಹಣ್ಣು. ಅಲ್ಲಿ ಧೂಳನ್ನೇ ಕಾಪಾಡಿದ್ರು. ಯಾಕೆ? ಆ ಧೂಳು ಒಂದು ಸಾಕ್ಷಿ. "ಇಷ್ಟು ವರ್ಷ ಈ ಕಾರಿನ ಮೇಲೆ ಯಾರೂ ಕೈಯಿಟ್ಟಿಲ್ಲ" ಅನ್ನೋದಕ್ಕೆ ಸಾಕ್ಷಿ.

ಇಲ್ಲೇ ಮುಖ್ಯ ವಿಷಯ ಇರೋದು. ಹಳೇ ಕಾರಿನ ಸ್ಥಿತಿ ಬೇರೆ, ಅಸಲಿತನ ಬೇರೆ. ಸ್ಥಿತಿ ಅಂದ್ರೆ ಕಂಡಿಷನ್. ಅಮೆರಿಕದಲ್ಲಿ ಇದಕ್ಕೆ 1ರಿಂದ 4ರವರೆಗೆ ದರ್ಜೆ ಕೊಡ್ತಾರೆ. 1 ಅಂದ್ರೆ ಪ್ರದರ್ಶನದಲ್ಲಿ ಬಹುಮಾನ ಹೊಡೆಯೋ ಹಾಗಿರೋದು, 4 ಅಂದ್ರೆ ಓಡುತ್ತೆ, ಆದ್ರೆ ಹುಳುಕು ಕಣ್ಣಿಗೆ ಕಾಣುತ್ತೆ ಅಂತ. ಸ್ಥಿತಿಯನ್ನ ದುಡ್ಡು ಕೊಟ್ಟು ಯಾವಾಗ ಬೇಕಾದ್ರೂ ಸುಧಾರಿಸಬಹುದು. 4ನ್ನ 1 ಮಾಡಬಹುದು. ಅಸಲಿತನ ಹಾಗಲ್ಲ. ಅದು ಇಳಿಯುತ್ತೆ, ಏರಲ್ಲ. ಎಷ್ಟು ದುಡ್ಡು ಸುರಿದ್ರೂ ಹೋದ ಅಸಲಿ ಬಣ್ಣ ವಾಪಸ್ ಬರಲ್ಲ. ಸಮಸ್ಯೆ ಏನಂದ್ರೆ, ಮೊದಲನೆಯದನ್ನ ಏರಿಸೋಕೆ ಮಾಡೋ ಕೆಲಸವೇ ಎಷ್ಟೋ ಸಲ ಎರಡನೆಯದನ್ನ ಇಳಿಸುತ್ತೆ.

ಇದು ನಮಗೆ ಹೊಸ ಅನುಭವ ಏನಲ್ಲ. ಊರ ಕಡೆ ಹಳೇ ಗುಡಿಗಳ ಜೀರ್ಣೋದ್ಧಾರ ನೋಡಿದೀರಲ್ಲ? ಎಂಟುನೂರು ವರ್ಷದ ಕಲ್ಲುಕಂಬಕ್ಕೆ ಆಯಿಲ್ ಪೇಂಟ್, ನೆಲಕ್ಕೆ ಟೈಲ್ಸ್. ಭಕ್ತಿಗೇನೂ ಕೊರತೆ ಇಲ್ಲ, ದುಡ್ಡಿಗೂ ಇಲ್ಲ. ಆದ್ರೆ ಆ ಕಂಬ ಕೆತ್ತಿದವನ ಉಳಿಯ ಗುರುತು ಇನ್ನು ಯಾವತ್ತೂ ಕಾಣಲ್ಲ.

ಒಂದು ನಂಬರಿನ ಬೆಲೆ

ಈಗ ಸ್ವಲ್ಪ ಟೆಕ್ನಿಕಲ್ ಆಗಿ ನೋಡೋಣ. "ಮ್ಯಾಚಿಂಗ್ ನಂಬರ್ಸ್" ಅನ್ನೋ ಮಾತು ಕೇಳಿರ್ತೀರಿ. ಕಾರ್ಖಾನೆಯಿಂದ ಹೊರಬಿದ್ದಾಗ ಆ ಚಾಸಿಯಲ್ಲಿ ಯಾವ ಎಂಜಿನ್ ಇತ್ತೋ ಅದೇ ಇವತ್ತೂ ಇದೆ ಅಂತ ಅರ್ಥ. ಕೆಲವು ಕಡೆ ಗೇರ್‌ಬಾಕ್ಸ್, ಬಾಡಿ ನಂಬರನ್ನೂ ಸೇರಿಸ್ತಾರೆ. ಜಾಗ್ವಾರ್ ಇ-ಟೈಪ್ ಆದ್ರೆ ಬ್ರಿಟನ್‌ನಲ್ಲಿ ಅದರ ಹೆರಿಟೇಜ್ ಟ್ರಸ್ಟ್‌ನಿಂದ ಪ್ರಮಾಣಪತ್ರ ಸಿಗುತ್ತೆ. ಯಾವ ಬಣ್ಣ, ಯಾವ ಎಂಜಿನ್ ನಂಬರ್, ಯಾವ ತಾರೀಖು, ಯಾವ ದೇಶಕ್ಕೆ ಹೋಯ್ತು ಎಲ್ಲಾ ಅದರಲ್ಲಿರುತ್ತೆ.

ಅಮೆರಿಕದ ಶೆವ್ರೊಲೆ ಕಾರ್ವೆಟ್ ತಗೊಳ್ಳಿ. 1967ರಲ್ಲಿ 22,940 ಕಾರ್ವೆಟ್ ತಯಾರಾದ್ವು. ಅದರಲ್ಲಿ ಎಲ್88 ಅನ್ನೋ ರೇಸಿಂಗ್ ಎಂಜಿನ್ ಇದ್ದದ್ದು ಬರೀ 20. ಆ ಇಪ್ಪತ್ತರಲ್ಲಿ ಒಂದು 2014ರ ಜನವರಿಯಲ್ಲಿ 38.5 ಲಕ್ಷ ಡಾಲರ್‌ಗೆ ಮಾರಾಟ ಆಯ್ತು. ಅದೇ ವರ್ಷದ ಮಾಮೂಲಿ ಕಾರ್ವೆಟ್ ಇದರ ಸಣ್ಣ ಪಾಲಿಗೆ ಸಿಗುತ್ತೆ. ಹೊರಗಿಂದ ನೋಡೋರಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರೋದು ಎಂಜಿನ್ನಿನ ಒಳಗೆ, ಮತ್ತೆ ಎಂಜಿನ್ ಮೇಲೆ ಕುಟ್ಟಿರೋ ಕೆಲವು ಅಕ್ಷರಗಳಲ್ಲಿ.

ಅಲ್ಲೊಂದು ವಿಚಿತ್ರ ಇದೆ. ಆ ನಂಬರ್ ಇರೋದು ಎಂಜಿನ್ ಬ್ಲಾಕಿನ ಮುಂಭಾಗದಲ್ಲಿ, ಸಿಲಿಂಡರ್ ಹೆಡ್ ಪಕ್ಕದ ಒಂದು ಚಪ್ಪಟೆ ಪಟ್ಟಿಯ ಮೇಲೆ. ಆ ಪಟ್ಟಿ ಹೆಡ್ ಕೂರೋ ಮೇಲ್ಮೈಗೆ ಸಮನಾಗಿರುತ್ತೆ. ಈಗ ಒಬ್ಬ ಪ್ರಾಮಾಣಿಕ ಮೆಕ್ಯಾನಿಕ್ ಎಂಜಿನ್ ಬಿಚ್ಚಿ, ಮೇಲ್ಮೈ ಸೊಟ್ಟ ಆಗಿದೆ ಅಂತ ಮಶೀನಿಗೆ ಹಾಕಿ ತೆಳ್ಳಗೆ ಸವರಿಸ್ತಾನೆ. ಕೆಲಸ ಪಕ್ಕಾ. ಆದ್ರೆ ಆ ಸವರುವಿಕೆಯಲ್ಲೇ ನಂಬರೂ ಅಳಿಸಿಹೋಗುತ್ತೆ! ಎಂಜಿನ್ ಅದೇ, ಕಾರೂ ಅದೇ, ಆದ್ರೆ ಅದೇ ಅಂತ ತೋರಿಸೋಕೆ ಆಧಾರವೇ ಇಲ್ಲ. ಸತ್ಯ ಉಳೀತು, ಸಾಕ್ಷಿ ಸತ್ತುಹೋಯ್ತು.

ಸಾಕ್ಷಿಗೆ ಬೆಲೆ ಬಂದ ಮೇಲೆ ಸುಳ್ಳು ಸಾಕ್ಷಿ ಹುಟ್ಟದೇ ಇರುತ್ತಾ? ಬೇರೆ ಬ್ಲಾಕ್ ತಂದು, ಹಳೇ ನಂಬರ್ ಉಜ್ಜಿ, ಬೇಕಾದ ನಂಬರ್ ಕುಟ್ಟೋರು ಇದ್ದಾರೆ. ಅದನ್ನ ಹಿಡಿಯೋರೂ ಇದ್ದಾರೆ. ಕಾರ್ಖಾನೆಯ ಯಂತ್ರ ಬ್ಲಾಕ್ ಕೊರೆದಾಗ ಆ ಪಟ್ಟಿ ಮೇಲೆ ಸಣ್ಣ ಗೀರುಗಳು ಉಳಿದಿರ್ತವೆ. ಉಜ್ಜಿದ್ರೆ ಅವೂ ಹೋಗ್ತವೆ. ಇನ್ನೊಂದು ಪರೀಕ್ಷೆ ನಮ್ಮಂಥವರಿಗೆ ಇಷ್ಟ ಆಗುತ್ತೆ. ಬ್ಲಾಕ್ ಎರಕ ಹೊಯ್ದ ತಾರೀಖು ಅದರ ಮೇಲೇ ಎರಕದಲ್ಲಿ ಮೂಡಿರುತ್ತೆ. ಅದು ಕಾರು ತಯಾರಾದ ತಾರೀಖಿಗಿಂತ ಮುಂಚೆ ಇರ್ಲೇಬೇಕು. ನಂಬರ್ ಸರಿಯಾಗಿದ್ದು ತಾರೀಖು ಆಮೇಲಿನದಾಗಿದ್ರೆ? ಟೈಮ್‌ಸ್ಟ್ಯಾಂಪ್ ಹಿಂದೆಮುಂದೆ ಆದ ಲಾಗ್ ಫೈಲ್ ಥರ. ಎಲ್ಲೋ ಯಾರೋ ಕೈಯಾಡಿಸಿದ್ದಾರೆ.

ಊರ ತೇರು ಮತ್ತು ಲಂಡನ್ನಿನ ಕೋರ್ಟು

ಹಾಗಾದ್ರೆ ಒಂದು ಬೋಲ್ಟ್ ಬದಲಾದ್ರೂ ಅಸಲಿತನ ಹೋಯ್ತಾ? ಈ ಪ್ರಶ್ನೆ 1990ರಲ್ಲಿ ಲಂಡನ್ನಿನ ಹೈಕೋರ್ಟಿಗೇ ಹೋಗಿತ್ತು.

ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರೊಂದು 1929 ಮತ್ತು 1930ರಲ್ಲಿ, ಎರಡು ವರ್ಷ ಸಾಲಾಗಿ, ಲೆ ಮಾನ್ ರೇಸ್ ಗೆದ್ದಿತ್ತು. ಅದಕ್ಕೆ "ಓಲ್ಡ್ ನಂಬರ್ ಒನ್" ಅಂತ ಹೆಸರು. ರೇಸ್ ಕಾರು ಅಂದ್ಮೇಲೆ ಕೇಳ್ಬೇಕಾ? ಪ್ರತಿ ಸೀಸನ್ನಿಗೂ ಭಾಗಗಳು ಬದಲಾಗ್ತಿದ್ವು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಭೀಕರ ಅಪಘಾತ ಆಗಿ ಓಡಿಸ್ತಿದ್ದ ಕ್ಲೈವ್ ಡನ್‌ಫೀ ತೀರಿಕೊಂಡ. ಕಾರನ್ನ ಮತ್ತೆ ಕಟ್ಟಿದ್ರು, ಬೇರೆ ಬಾಡಿ ಕೂರಿಸಿದ್ರು. ಹೀಗೆ ಆರು ದಶಕ ಕಳೀತು. 1990ರಲ್ಲಿ ಸುಮಾರು ಒಂದು ಕೋಟಿ ಪೌಂಡ್‌ಗೆ ಮಾರಾಟದ ಒಪ್ಪಂದ ಆಯ್ತು. ಆಮೇಲೆ ಕೊಳ್ಳೋ ಕಂಪನಿ ಹಿಂದೆ ಸರೀತು. "1929ರಲ್ಲಿ ಗೆದ್ದ ಕಾರಿನ ಭಾಗಗಳು ಇದರಲ್ಲಿ ಉಳಿದೇ ಇಲ್ಲ. ಇದು ಆ ಕಾರಲ್ಲ" ಅಂತ ವಾದ.

ನ್ಯಾಯಮೂರ್ತಿ ಆಟನ್ ಅವರು ಭಾಗಗಳ ಲೆಕ್ಕ ಹಾಕಿಸಿದ್ರು. ನಿಜ, 1929ರದ್ದು ಅಂತ ಹೇಳೋಕೆ ಉಳಿದಿದ್ದದ್ದು ಬಹಳ ಕಮ್ಮಿ. ಹಾಗಾಗಿ ಇದನ್ನ "ಒರಿಜಿನಲ್" ಅನ್ನೋಕಾಗಲ್ಲ ಅಂದ್ರು. ಆದ್ರೂ ತೀರ್ಪು ಮಾರಿದವನ ಕಡೆಗೇ ಬಂತು. ಯಾಕಂದ್ರೆ ಈ ಕಾರು ಯಾವತ್ತೂ ಬೇರೆ ಕಾರಾಗಲಿಲ್ಲ. ಭಾಗಗಳು ಒಂದೊಂದಾಗಿ ಬಂದು ಇದರೊಳಗೆ ಸೇರಿದ್ವು, ಹೆಸರು ಮತ್ತು ಚರಿತ್ರೆ ಎಲ್ಲೂ ತುಂಡಾಗಲಿಲ್ಲ, ಆ ಹೆಸರಿಗೆ ಹಕ್ಕು ಹೇಳೋ ಇನ್ನೊಂದು ಕಾರು ಪ್ರಪಂಚದಲ್ಲಿ ಇಲ್ಲ. ಇದು ಅವರು ಕೊಟ್ಟ ಕಾರಣದ ಸಾರ.

ಇದನ್ನ ಓದಿದಾಗ ನನಗೆ ನೆನಪಾಗಿದ್ದು ನಮ್ಮೂರ ತೇರು. ಚಕ್ರ ಬದಲಾಯಿಸಿದ್ದಾರೆ, ಅಚ್ಚು ಬದಲಾಯಿಸಿದ್ದಾರೆ, ಮರ ಹುಳ ತಿಂದಾಗ ಹೊಸ ಮರ ಹಾಕಿದ್ದಾರೆ. ನಮ್ಮ ಮುತ್ತಾತ ಎಳೆದ ತೇರಿನ ಎಷ್ಟು ಕಟ್ಟಿಗೆ ಈಗ ಇದೆಯೋ ದೇವರಿಗೇ ಗೊತ್ತು. ಆದ್ರೂ ಅದು ಅದೇ ತೇರು. ಯಾಕಂದ್ರೆ ಜಾತ್ರೆ ತಪ್ಪಿಲ್ಲ, ಮತ್ತೆ ಪ್ರತಿ ಸಲ ಏನು ಬದಲಾಯ್ತು ಅಂತ ಊರಿಗೆಲ್ಲ ಗೊತ್ತು. ಅದೇ ಯಾರೋ ಪಕ್ಕದೂರಲ್ಲಿ ಥೇಟ್ ಅದೇ ಅಳತೆಗೆ ಹೊಸ ತೇರು ಮಾಡಿಸಿ "ಇದೇ ಅಸಲಿ" ಅಂದ್ರೆ? ಕಟ್ಟಿಗೆ ಎಷ್ಟು ಚೆನ್ನಾಗಿದ್ರೂ ಯಾರೂ ಒಪ್ಪಲ್ಲ.

ಅಂದ್ರೆ ಅಸಲಿತನ ಬರೀ ಲೋಹದಲ್ಲಿಲ್ಲ. ತುಂಡಾಗದ, ತೋರಿಸಬಹುದಾದ ಚರಿತ್ರೆಯಲ್ಲಿದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬೆಲೆ ಇರೋದು ಇವತ್ತಿನ ಕೋಡ್‌ಗೆ ಮಾತ್ರ ಅಲ್ಲ, ಕಮಿಟ್ ಹಿಸ್ಟರಿಗೆ. ಬದಲಾವಣೆ ಪಾಪ ಅಲ್ಲ. ಲಾಗ್ ಇಲ್ಲದ ಬದಲಾವಣೆ ಪಾಪ.

ದೊಡ್ಡ ಬೆಲೆಗಳು ಏನು ಹೇಳ್ತವೆ

ಇದೇ ಕನ್ನಡಕ ಹಾಕ್ಕೊಂಡು ದೊಡ್ಡ ಮಾರಾಟಗಳನ್ನ ನೋಡಿ. ಫೆರಾರಿ 250 ಜಿಟಿಒ. 1962ರಿಂದ 1964ರೊಳಗೆ ತಯಾರಾಗಿದ್ದು ಸಾಮಾನ್ಯ ಲೆಕ್ಕದಲ್ಲಿ 36 ಕಾರು. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು 4.84 ಕೋಟಿ ಡಾಲರ್‌ಗೆ ಹೋಯ್ತು. ಆ ಕಾರು 1962ರಲ್ಲಿ ಒಂದು ರೂಪದಲ್ಲಿ ಹುಟ್ಟಿದ್ದು, 1964ರಲ್ಲಿ ಸ್ಕಾಲಿಯೆಟ್ಟಿ ಕಾರ್ಯಾಗಾರದಲ್ಲಿ ಅದರ ಬಾಡಿಯನ್ನೇ ಹೊಸ ವಿನ್ಯಾಸಕ್ಕೆ ಬದಲಾಯಿಸಿದ್ರು. "ಮೊದಲಿನ ರೂಪಕ್ಕೆ ತರೋಣ" ಅಂತ ಯಾರೂ ಹೊರಡಲಿಲ್ಲ. ಆ ಬದಲಾವಣೆ ಆ ಕಾಲದಲ್ಲೇ, ಸರಿಯಾದವರ ಕೈಯಲ್ಲೇ, ರೇಸ್ ಗೆಲ್ಲೋದಕ್ಕಂತಲೇ ಆದದ್ದು. ಅದೂ ಚರಿತ್ರೆಯ ಭಾಗ.

ಇದರ ಇನ್ನೊಂದು ಮುಖ ನೋವಿನದು. ಫೆರಾರಿ 250 ಜಿಟಿಇ ಅಂತ ನಾಲ್ಕು ಸೀಟಿನ ಸಂಸಾರಸ್ಥರ ಕಾರು ಇತ್ತು, ಸುಮಾರು 950 ತಯಾರಾಗಿದ್ವು. ಒಳಗೆ ಜಿಟಿಒ ಮನೆತನದ್ದೇ ಮೂರು ಲೀಟರಿನ ವಿ12 ಎಂಜಿನ್. ಜಿಟಿಒ ಬೆಲೆ ಏರಿದಾಗ ಜನ ಎಷ್ಟೋ ಜಿಟಿಇಗಳನ್ನ ಕತ್ತರಿಸಿ ಜಿಟಿಒ ಪ್ರತಿಕೃತಿ ಮಾಡಿದ್ರು. ಅಸಲಿ ಫೆರಾರಿಯನ್ನ ಕೊಂದು ನಕಲಿ ಫೆರಾರಿ ಹುಟ್ಟಿಸಿದ ಹಾಗಾಯ್ತು. ಇವತ್ತು ಕೆಡದೆ ಉಳಿದ ಜಿಟಿಇಗಳಿಗೇ ಒಳ್ಳೇ ಬೆಲೆ ಬಂದಿದೆ.

ಎಲ್ಲಕ್ಕಿಂತ ದೊಡ್ಡ ಬೆಲೆ 2022ರ ಮೇ ತಿಂಗಳಲ್ಲಿ ಬಂತು. ಸ್ಟುಟ್‌ಗಾರ್ಟ್‌ನಲ್ಲಿ ಮರ್ಸಿಡಿಸ್ 300 ಎಸ್‌ಎಲ್‌ಆರ್ ಊಲೆನ್‌ಹೌಟ್ ಕೂಪೆ, 13.5 ಕೋಟಿ ಯೂರೋ, ಸಾವಿರ ಕೋಟಿ ರೂಪಾಯಿಗೂ ಮೇಲೆ. ತಯಾರಾಗಿದ್ದು ಎರಡೇ. 1955ರಿಂದ ಮಾರೋವರೆಗೂ ಕಂಪನಿಯ ಕೈಯಲ್ಲೇ ಇತ್ತು. ಇನ್ನೊಬ್ಬ ಮಾಲೀಕ ಅಂತಲೇ ಇರಲಿಲ್ಲ. ಚರಿತ್ರೆಯಲ್ಲಿ ಅನುಮಾನಕ್ಕೆ ಒಂದು ಕೂದಲೆಳೆಯಷ್ಟೂ ಜಾಗ ಇಲ್ಲ.

ಬಹುಮಾನ ಕೊಡೋರ ದೃಷ್ಟಿಯೂ ಬದಲಾಗಿದೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಪ್ರದರ್ಶನ 1950ರಿಂದ ನಡೀತಿದೆ. ಅಲ್ಲಿ ದಶಕಗಳ ಕಾಲ ಗೆದ್ದಿದ್ದು ಹೊಳೆಯೋ ಕಾರುಗಳೇ. ಹೊಸದಾಗಿದ್ದಾಗಲೂ ಅಷ್ಟು ಹೊಳೀತಿರಲಿಲ್ಲ ಅನ್ನೋಷ್ಟು ಹೊಳಪು. 2024ರಲ್ಲಿ ಮೊದಲ ಸಲ ರೆಸ್ಟೋರ್ ಮಾಡದೇ ಕಾಪಾಡಿಕೊಂಡು ಬಂದ ಒಂದು ಕಾರು ಸರ್ವಶ್ರೇಷ್ಠ ಅನಿಸಿಕೊಂಡ್ತು. 1934ರ ಬುಗಾಟಿ ಟೈಪ್ 59, ಒಂದು ಕಾಲಕ್ಕೆ ಬೆಲ್ಜಿಯಂ ರಾಜನ ಬಳಿ ಇದ್ದದ್ದು. ಸವೆದ ಕಪ್ಪು ಬಣ್ಣ, ಅದರ ಮೇಲೊಂದು ಹಳದಿ ಪಟ್ಟಿ. ಪಕ್ಕದಲ್ಲಿ ಮಿರಿಮಿರಿ ಮಿಂಚೋ ಕಾರುಗಳೆಲ್ಲ ನಿಂತು ನೋಡ್ತಿದ್ವು.

ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ತಂದ ಟ್ಯೂರಿನ್ ಸನದೂ ಇದನ್ನೇ ಹೇಳುತ್ತೆ. ಆದಷ್ಟು ಕಾಪಾಡಿ, ಅನಿವಾರ್ಯ ಆದ್ರೆ ಮಾತ್ರ ರೆಸ್ಟೋರ್ ಮಾಡಿ, ಮಾಡಿದ್ದನ್ನೆಲ್ಲ ದಾಖಲಿಸಿ. ಹಳೇ ಕಟ್ಟಡಗಳ ಸಂರಕ್ಷಣೆಗೆ 1964ರಲ್ಲಿ ಆದ ವೆನಿಸ್ ಸನದು ಇದಕ್ಕೆ ಮಾದರಿ. ನಾನು ಗುಡಿ ಕಂಬದ ಮಾತೆತ್ತಿದ್ದು ಸುಮ್ನೆ ಅಲ್ಲ.

ಹಾಗಂತ ತುಕ್ಕನ್ನ ಪೂಜೆ ಮಾಡ್ಬೇಕಾ?

ಇಲ್ಲ. ಇದಕ್ಕೊಂದು ಮಿತಿ ಇದೆ. ಮೂವತ್ತು ವರ್ಷದ ಟೈರು ಅಸಲಿ ಅಂತ ಅದರ ಮೇಲೆ ಎಕ್ಸ್‌ಪ್ರೆಸ್‌ವೇಗೆ ಹೋಗೋಕಾಗಲ್ಲ. ಬ್ರೇಕ್ ಹೋಸ್, ಪೆಟ್ರೋಲ್ ಪೈಪ್ ಬದಲಾಯಿಸಲೇಬೇಕು. ಇ-ಟೈಪ್‌ನಂಥ ಕಾರುಗಳಲ್ಲಿ ಉಕ್ಕಿನ ಬಾಡಿಯೇ ಚಾಸಿಯ ಕೆಲಸ ಮಾಡುತ್ತೆ. ಅದು ತುಕ್ಕು ಹಿಡಿದು ಪುಡಿಯಾದ್ರೆ ಕತ್ತರಿಸಿ ಹೊಸ ತಗಡು ಬೆಸೆಯದೆ ಬೇರೆ ದಾರಿ ಇಲ್ಲ. ಒಳ್ಳೇ ರೆಸ್ಟೋರೇಶನ್ ಕೂಡ ದೊಡ್ಡ ವಿದ್ಯೆ. ಸಾಯ್ತಿದ್ದ ಕಾರನ್ನ ರಸ್ತೆಗೆ ತಂದವರಿಗೆ ಕೈ ಮುಗೀಬೇಕು.

ಪ್ರತಿಕೃತಿಯೂ ಪಾಪ ಅಲ್ಲ, ಹೆಸರು ಮುಚ್ಚಿಡದಿದ್ರೆ. ಜಾಗ್ವಾರ್‌ನದ್ದೇ ಉದಾಹರಣೆ ನೋಡಿ. 1957ರ ಫೆಬ್ರವರಿಯಲ್ಲಿ ಅದರ ಕಾರ್ಖಾನೆಗೆ ಬೆಂಕಿ ಬಿದ್ದು 9 ಎಕ್ಸ್‌ಕೆಎಸ್‌ಎಸ್ ಕಾರುಗಳು ಸುಟ್ಟುಹೋದ್ವು. 2016ರಲ್ಲಿ ಕಂಪನಿಯೇ ಮುಂದೆ ಬಂದು ಆ ಒಂಬತ್ತನ್ನ ಹೊಸದಾಗಿ ಕಟ್ಟಿಕೊಡ್ತೀವಿ ಅಂತು, ಒಂದೊಂದಕ್ಕೂ ಹತ್ತು ಲಕ್ಷ ಪೌಂಡ್‌ಗೂ ಮೇಲೆ. ಅದೇ ಕಂಪನಿ, ಅದೇ ವಿನ್ಯಾಸ, ಆದ್ರೂ ಅದು 1957ರ ಕಾರಲ್ಲ. ಕೊಳ್ಳೋನಿಗೂ ಗೊತ್ತು, ಮಾರೋನಿಗೂ ಗೊತ್ತು. ಅಲ್ಲಿ ಮೋಸ ಇಲ್ಲ. ಮೋಸ ಶುರುವಾಗೋದು ನಕಲಿಯನ್ನ ಅಸಲಿ ಬೆಲೆಗೆ ಮಾರಿದಾಗ.

ಇನ್ನು "ಹಳೇ ಕಾರು ಒಳ್ಳೇ ಇನ್ವೆಸ್ಟ್‌ಮೆಂಟ್" ಅನ್ನೋರ ಮಾತು. ನಮ್ಮ ವಯಸ್ಸಿನವರಿಗೆ ವಾಟ್ಸಾಪ್‌ನಲ್ಲಿ ಇದು ಆಗಾಗ ಬರ್ತಿರುತ್ತೆ. 1980ರ ದಶಕದ ಕೊನೆಯಲ್ಲಿ ಇದೇ ಹುಚ್ಚು ಹತ್ತಿತ್ತು. ಆಗ ಒಂದು ಕೋಟಿ ಡಾಲರ್ ದಾಟಿದ್ದ ಜಿಟಿಒಗಳ ಬೆಲೆ 1990ರ ದಶಕದ ಮಧ್ಯದ ಹೊತ್ತಿಗೆ ಕಾಲು ಭಾಗದ ಆಸುಪಾಸಿಗೆ ಇಳಿದಿತ್ತು. ಅದೂ ಜಿಟಿಒಗೆ! ಮಾಮೂಲಿ ಮಾಡೆಲ್‌ಗಳ ಕಥೆ ಕೇಳಲೇಬೇಡಿ. ಎಂಜಿಬಿಯಂಥ ಲಕ್ಷಗಟ್ಟಲೆ ತಯಾರಾದ ಕಾರಿಗೆ ಪೂರ್ತಿ ರೆಸ್ಟೋರೇಶನ್ ಮಾಡಿಸಿದ್ರೆ, ಬಿಲ್ಲೇ ಕಾರಿನ ಮಾರುಕಟ್ಟೆ ಬೆಲೆ ದಾಟಬಹುದು. ಬಣ್ಣ, ತಗಡು, ಚರ್ಮ, ಮಜೂರಿ, ಇವಕ್ಕೆಲ್ಲ ಕಾರಿನ ಹೆಸರು ಗೊತ್ತಾಗಲ್ಲ. ಕೋಟಿ ಬೆಲೆಯ ಕಾರಿಗೂ ಲಕ್ಷ ಬೆಲೆಯ ಕಾರಿಗೂ ಕೆಲಸದ ಗಂಟೆ ಹೆಚ್ಚುಕಮ್ಮಿ ಅಷ್ಟೇ. ಪ್ರೀತಿಗೆ ಮಾಡಿಸಿ. ಲಾಭಕ್ಕೆ ಅಂತ ಇಳೀಬೇಡಿ.

ನಮ್ಮ ದೇಶದಲ್ಲಿ

ಇದೆಲ್ಲ ದೂರದೇಶದ ಸಾಹುಕಾರರ ಆಟ, ನಮಗೇನು ಅಂತೀರಾ? 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ಮಾಡ್ತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಸಿಂಧು, ನಂಬರ್ ಪ್ಲೇಟಿನಲ್ಲಿ "ವಿಎ" ಅನ್ನೋ ಅಕ್ಷರಗಳು. ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥವಕ್ಕೆ ಮಾತ್ರ. ಗಮನಿಸಿ, ಅಸಲಿತನ ಈಗ ಶೋಕಿಯ ಮಾತಲ್ಲ, ನಮ್ಮಲ್ಲೂ ಕಾನೂನಿನ ಮಾತು.

ನಮ್ಮಲ್ಲಿ ತಾತನ ಕಾಲದ ಫಿಯೆಟ್, ಹೆರಾಲ್ಡ್, ಜಾವಾ ಇಟ್ಕೊಂಡಿರೋ ಮನೆಗಳು ಬೇಕಾದಷ್ಟಿವೆ. ದುಡಿದು ನಾಲ್ಕು ಕಾಸು ಕೈಗೆ ಬಂದಾಗ ನಮಗೆಲ್ಲ ಮೊದಲು ಹೊಳೆಯೋದು ಅದನ್ನ "ಚಕಾಚಕ್" ಮಾಡಿಸೋದು. ಅದಕ್ಕೇ ನನ್ನ ಕೈ ಸುಟ್ಟ ಮೇಲೆ ಕಲಿತದ್ದನ್ನ ಹೇಳ್ತೀನಿ.

ಒಂದು, ಸ್ಪ್ಯಾನರ್ ಹಿಡಿಯೋ ಮುಂಚೆ ಫೋಟೋ ತೆಗೀರಿ. ಎಲ್ಲಾ ಕಡೆಯಿಂದ, ತುಕ್ಕು, ತಗ್ಗು, ಸ್ಟಿಕ್ಕರ್ ಸಮೇತ. ಎಲ್ಲಾ ನಂಬರ್ ಬರೆದಿಟ್ಟು ಆರ್‌ಸಿ ಜೊತೆ ತಾಳೆ ನೋಡಿ.

ಎರಡು, ಗ್ಯಾರೇಜಿನವರಿಗೆ ಬರಹದಲ್ಲಿ ಹೇಳಿ: ತೆಗೆದ ಒಂದು ಬೋಲ್ಟೂ ನನ್ನ ಕೇಳದೆ ಭಂಗಾರಕ್ಕೆ ಹೋಗಬಾರದು. ಎಂಜಿನ್ ಬ್ಲಾಕ್ ಒಡೆದಿದ್ರೂ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ. ರೇಸ್ ಆಡೋ ಫೆರಾರಿ ಮಾಲೀಕರೇ ಅಸಲಿ ಎಂಜಿನ್ನನ್ನ ಪೆಟ್ಟಿಗೆಯಲ್ಲಿಟ್ಟು ಬೇರೆ ಎಂಜಿನ್ ಹಾಕ್ಕೊಂಡು ಓಡಿಸ್ತಾರೆ.

ಮೂರು, ತೊಳೆದ್ರೆ ಸಾಕು ಅನ್ನೋ ಕಡೆ ಬಣ್ಣ ಬೇಡ. ರಿಪೇರಿ ಆಗೋದನ್ನ ಬದಲಾಯಿಸಬೇಡಿ. ವಾಪಸ್ ತೆಗೆಯೋಕಾಗೋ ಬದಲಾವಣೆ ಮಾತ್ರ ಮಾಡಿ.

ನಾಲ್ಕು, ರೆಸ್ಟೋರ್ ಆದ ಗಾಡಿ ಕೊಳ್ಳೋದಾದ್ರೆ ಹೊಳಪು ನೋಡ್ಬೇಡಿ, ಫೈಲ್ ಕೇಳಿ. ಕೆಲಸಕ್ಕೆ ಮುಂಚಿನ ಫೋಟೋ, ಬಿಲ್ಲು, ಹಳೇ ಮಾಲೀಕರ ಕಾಗದ. ಬೆಳ್ಳಗಿರೋದೆಲ್ಲ ಹಾಲಲ್ಲ. ಫೈಲ್ ಇಲ್ಲ ಅಂದ್ರೆ, ಚೆಂದದ ಗಾಡಿಗೆ ಕೊಡೋ ಬೆಲೆ ಕೊಡಿ, ಅಸಲಿ ಗಾಡಿಗೆ ಕೊಡೋ ಬೆಲೆ ಕೊಡಬೇಡಿ.

ಕೊನೆಗೆ

ನಮ್ಮ ಯೆಜ್ಡಿ ಏನಾಯ್ತು ಅಂತ ಕೇಳ್ತೀರಿ. ಆ ಭಂಗಾರ್‌ನವನನ್ನ ಹುಡುಕ್ಕೊಂಡು ಹೋದೆ. ಟ್ಯಾಂಕ್ ಯಾವಾಗಲೋ ತೂಕಕ್ಕೆ ಹೋಗಿ ಕರಗಿಹೋಗಿತ್ತು. ಎಂಜಿನ್ ನಂಬರಿನ ಕಾಗದಪತ್ರ ಆರ್‌ಟಿಒದಲ್ಲಿ ಇನ್ನೂ ಓಡಾಡ್ತಿದೆ.

ಆದ್ರೆ ಊರಿಗೆ ಹೋದಾಗ ಅಪ್ಪ ಬೀರುವಿನಿಂದ ಒಂದು ಉದ್ದದ ಲೆಕ್ಕದ ಪುಸ್ತಕ ತೆಗೆದುಕೊಟ್ರು. 1984ರಿಂದ ಗಾಡಿಗೆ ಹಾಕಿಸಿದ ಪೆಟ್ರೋಲು, ಬದಲಾಯಿಸಿದ ಚೈನು, ಕ್ಲಚ್ ಪ್ಲೇಟು, ಪಂಕ್ಚರ್ ಸಮೇತ ತಾರೀಖು ಹಾಕಿ ಬರೆದಿದ್ರು. ಒಂದು ಕಡೆ "ಕಡೂರು ಹತ್ತಿರ ಬಿದ್ದದ್ದು. ಮಗುವಿಗೆ ಪೆಟ್ಟಾಗಲಿಲ್ಲ" ಅಂತ ಇತ್ತು. ಆ ಮಗು ನಾನೇ. ಟ್ಯಾಂಕಿನ ಆ ತಗ್ಗಿಗೆ ಈಗ ಉಳಿದಿರೋ ಸಾಕ್ಷಿ ಆ ಒಂದು ಸಾಲು.

"ನೀನು ಮಾಡಿಸಿದ್ದನ್ನೂ ಬರಿ" ಅಂದ್ರು ಅಪ್ಪ. ಬರೆದೆ. ಟ್ಯಾಂಕ್ ಬೇರೆಯದು, ಎಂಜಿನ್ ಕೇಸ್ ಬೇರೆಯದು, ಬಣ್ಣ ಹೊಸದು, ಹಳೆಯವು ಕಳೆದುಹೋಗಿವೆ, ತಪ್ಪು ನನ್ನದು ಅಂತ ತಾರೀಖು ಹಾಕಿ ಬರೆದೆ. ಅಪ್ಪ ಅದನ್ನ ಓದಿ, ಕನ್ನಡಕ ತೆಗೆದಿಟ್ಟು, "ಸರಿ, ಈಗ ಕೀ ಕೊಡು" ಅಂದ್ರು. ಹೊಸಲೈನ್ ರಸ್ತೆವರೆಗೂ ಹೋಗಿ ಬಂದ್ರು.

ನಿಮ್ಮ ಮನೆಯ ಶೆಡ್ಡಿನಲ್ಲೂ ಅಂಥದ್ದೊಂದು ಗಾಡಿ ನಿಂತಿದ್ರೆ, ಈ ಸಲ ಊರಿಗೆ ಹೋದಾಗ ಪಾಲಿಶ್ ಡಬ್ಬಿ ತಗೊಂಡು ಹೋಗ್ಬೇಡಿ. ಒಂದು ನೋಟ್‌ಬುಕ್ ತಗೊಂಡು ಹೋಗಿ. ಗಾಡಿ ಓಡಿಸಿದವರು ಇನ್ನೂ ನಮ್ಮ ಜೊತೆ ಇರೋವಾಗಲೇ ಅದರ ಕಥೆ ಕೇಳಿ ಬರ್ಕೊಳ್ಳಿ.